ಪಕ್ಕದ ಮನೆಯ ಬಾಣಂತಿ ನಾಯಿ ಮತ್ತು ಮರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಹಳ್ಳಿ ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಕಾರ್ತಿಕದ ಆಸುಪಾಸಿನಲ್ಲಿ. ಅಲ್ಲಿಂದ 63 ದಿನ ಎಣಿಸಿದರೆ ಮರಿ ಹುಟ್ಟುವುದು ಸರಿಯಾಗಿ ಮಾಗಿ ಚಳಿಗೆ. ಅದೇ ಹೊತ್ತಿಗೆ ಸುಗ್ಗಿ, ಕಣ, ಕೊಯ್ಲು. ತೋಟದ ಮೂಲೆಯಲ್ಲಿ ಕಟ್ಟಿಹಾಕಿದ ನಾಯಿ ಆರೇಳು ಮರಿ ಹಾಕಿಕೊಂಡು ಮಲಗಿದ್ದರೂ ಆ ಮನೆಯವರಿಗೆ ತಿರುಗಿ ನೋಡಲು ಪುರುಸೊತ್ತಿರುವುದಿಲ್ಲ. ಕೆಳಗಿನವು ಬೇಲಿಯ ಈಚೆ ನಿಂತು ನೋಡುತ್ತಿರುವ ನೆರೆಯವರು ಕೇಳುವ ಪ್ರಶ್ನೆಗಳು.

ನಾಯಿ ನಮ್ಮದಲ್ಲ. ನಾವು ಕೈ ಹಾಕಬಹುದಾ?

ಊಟ, ನೀರು ಹಾಕಲು ಅಡ್ಡಿಯಿಲ್ಲ. ಆದರೆ ಅವರ ಜಾಗಕ್ಕೆ ಕಾಲಿಡುವ ಮುಂಚೆ ಒಂದು ಮಾತು ಕೇಳಿ. ನಾಯಿಯನ್ನೋ ಮರಿಯನ್ನೋ ಹೇಳದೆ ಕೇಳದೆ ಎತ್ತಿಕೊಂಡು ಬರಬೇಡಿ. ಕಾನೂನಿನ ಕಣ್ಣಲ್ಲಿ ಸಾಕಿದ ನಾಯಿ ಯಜಮಾನನ ಸ್ವತ್ತು, ಅವರು ಮನಸ್ಸು ಮಾಡಿದರೆ ಕಳ್ಳತನದ ದೂರು ಕೊಡಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಮ್ಮೆ ಜಗಳವಾದರೆ ಆ ಹಿತ್ತಲಿನ ಬಾಗಿಲು ನಿಮಗೆ ಮುಚ್ಚಿತು, ನಾಯಿ ಮಾತ್ರ ಅಲ್ಲೇ ಉಳಿಯಿತು.

ಯಜಮಾನರ ಹತ್ತಿರ ಮಾತು ಹೇಗೆ ತೆಗೆಯೋದು?

ನಾಲ್ಕು ಜನರ ಮುಂದೆ ಬೇಡ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ, ಅವರು ಒಬ್ಬರೇ ಇರುವಾಗ ಹೋಗಿ. ‘ನಾಯಿಗೆ ಯಾಕೆ ಊಟ ಹಾಕಲ್ಲ’ ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ಹೀಗೆ: ‘ಅಣ್ಣಾ, ನಿಮ್ಮ ನಾಯಿ ಮರಿ ಹಾಕೈತಲ್ಲ. ನಮ್ಮನೇಲಿ ದಿನಾ ಅನ್ನ ಮಿಗುತ್ತೆ, ನಾನೇ ತಂದು ಹಾಕಿ ಹೋಗ್ಲಾ? ನಿಮಗೂ ಸುಗ್ಗಿ ಕೆಲಸ.’ ಇದರಲ್ಲಿ ತಪ್ಪು ಹೊರಿಸಿದ್ದೂ ಇಲ್ಲ, ಖರ್ಚು ಹೇರಿದ್ದೂ ಇಲ್ಲ. ಆ ಮನೆಯಲ್ಲಿ ನಾಯಿಗೆ ಅನ್ನ ಹಾಕುವುದು ಸಾಮಾನ್ಯವಾಗಿ ಹೆಂಗಸರು, ಇಲ್ಲವೇ ಶಾಲೆಗೆ ಹೋಗುವ ಮಕ್ಕಳು. ಅಕ್ಕನಿಗೊಂದು ಮಾತು ಹೇಳಿ ಒಪ್ಪಿಸಿದರೆ ಅಣ್ಣನ ಒಪ್ಪಿಗೆ ತಾನಾಗಿ ಬರುತ್ತದೆ.

ಮೊದಲ ದಿನವೇ ಆಪರೇಷನ್ (ಮತ್ತೆ ಮರಿಯಾಗದಂತೆ ಮಾಡಿಸುವ ಸಂತಾನಹರಣ ಚಿಕಿತ್ಸೆ) ವಿಷಯ ಎತ್ತಬೇಡಿ. ಊಟ, ಆಮೇಲೆ ಗೂಡು, ಆಮೇಲೆ ಸರಪಳಿ, ಕೊನೆಗೆ ಆಪರೇಷನ್. ಈ ಕ್ರಮ ಬದಲಾದರೆ ಕೆಲಸ ಕೆಡುತ್ತದೆ.

ಮರಿಗಳನ್ನಾದರೂ ನಮ್ಮ ಮನೆಗೆ ತಂದು ಸಾಕಿದರೆ?

ತಾಯಿ ಬದುಕಿದ್ದು ಹಾಲು ಕೊಡುತ್ತಿದ್ದರೆ ಖಂಡಿತ ಬೇಡ. ನೀವು ಮೂರು ಗಂಟೆಗೊಮ್ಮೆ ಎದ್ದು ಮಾಡುವ ಕೆಲಸವನ್ನು ತಾಯಿ ಮಲಗಿದಲ್ಲೇ, ನಿಮಗಿಂತ ಚೆನ್ನಾಗಿ ಮಾಡುತ್ತದೆ. ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇರುತ್ತದೆ, ಅದನ್ನು ಯಾವ ಡಬ್ಬಿಯ ಪುಡಿಯೂ ಕೊಡುವುದಿಲ್ಲ. ಮರಿ ಇಲ್ಲದೆ ಹಾಲು ಕಟ್ಟಿಕೊಂಡ ತಾಯಿಗೆ ಮೊಲೆಬಾವು ಬರುವುದೂ ಉಂಟು. ತಾಯಿಯ ಹೊಟ್ಟೆ ತುಂಬಿಸಿ, ಮರಿಗಳ ಹೊಟ್ಟೆ ಅದೇ ತುಂಬಿಸುತ್ತದೆ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ತಾಯಿಗೆ ಏನು, ಎಷ್ಟು ಹಾಕಬೇಕು?

ಜನ ಎಡವುವುದು ಇಲ್ಲಿಯೇ. ಒಂದು ಮುದ್ದೆ, ಒಂದು ಸೌಟು ಸಾರು ಹಾಕಿ ‘ದಿನಾ ಹಾಕ್ತೀವಿ, ಆದರೂ ಸೊರಗಿದೆ’ ಎನ್ನುತ್ತಾರೆ. ಸುಮಾರು 15 ಕಿಲೋ ತೂಗುವ ನಾಟಿ ನಾಯಿಗೆ ಮಾಮೂಲಿ ದಿನಗಳಲ್ಲಿ 800ರಿಂದ 900 ಕ್ಯಾಲೊರಿ ಸಾಕು. ಆರು ಮರಿಗೆ ಹಾಲು ಕೊಡುವಾಗ, ಅದರಲ್ಲೂ ಮೂರನೇ ಮತ್ತು ನಾಲ್ಕನೇ ವಾರದಲ್ಲಿ, ಇದು ಎರಡೂವರೆ ಪಟ್ಟು ಮೇಲೇರುತ್ತದೆ. ದಿನಕ್ಕೆ ಹೆಚ್ಚುಕಡಿಮೆ 2000 ಕ್ಯಾಲೊರಿ ಮುಟ್ಟಿಸುವ ಒಂದು ಲೆಕ್ಕ:

- ಅಕ್ಕಿ 300 ಗ್ರಾಂ (ಬೇಯಿಸುವ ಮುಂಚಿನ ತೂಕ), ಮೆತ್ತಗೆ ಬೇಯಿಸಿದ್ದು
- ಮೂಳೆ ಬಿಡಿಸಿದ ಕೋಳಿ ಮಾಂಸದ ಚೂರು, ಚರ್ಮ, ಜೊತೆಗೆ ಸ್ವಲ್ಪ ಲಿವರ್, ಎಲ್ಲ ಸೇರಿ 300 ಗ್ರಾಂ, ಬೇಯಿಸಿದ್ದು
- ಬೇಯಿಸಿದ ಮೊಟ್ಟೆ 3
- ಅಡುಗೆ ಎಣ್ಣೆ 2 ದೊಡ್ಡ ಚಮಚ

ಇದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ. ಕೋಳಿ ಅಂಗಡಿಯಲ್ಲಿ ಸಂಜೆ ಕೇಳಿದರೆ ಚರ್ಮ, ಚೂರು ಅಗ್ಗಕ್ಕೆ ಸಿಗುತ್ತದೆ, ಕೆಲವರು ಸುಮ್ಮನೆಯೂ ಕೊಡುತ್ತಾರೆ. ಮಾಂಸ ಮುಟ್ಟದ ಮನೆಯವರು ಮೊಟ್ಟೆ, ಮೊಸರು, ಬೇಯಿಸಿದ ಬೇಳೆಯಿಂದ ನಡೆಸಬಹುದು. ಮೊಟ್ಟೆಯೂ ಆಗದು ಎನ್ನುವವರು ಮರಿಗಳಿಗೆಂದು ಮಾರುವ ಒಣ ಆಹಾರ ತಂದುಕೊಂಡರೆ ಸರಿ, ದಿನಕ್ಕೆ ಅರ್ಧ ಕಿಲೋ ಬೇಕು. ಬಾಣಂತಿ ನಾಯಿಗೂ ಮರಿಗಳ ಆಹಾರವೇ ಸೂಕ್ತ, ದೊಡ್ಡ ನಾಯಿಯದ್ದಲ್ಲ.

ಪಕ್ಕೆಲುಬು ಎಣಿಸುವಷ್ಟು ಸೊರಗಿದ ನಾಯಿಗೆ ಮೊದಲ ದಿನವೇ ಇಷ್ಟೂ ಸುರಿಯಬೇಡಿ. ಹಸಿದ ಮೈಗೆ ಏಕಾಏಕಿ ಹೊರೆ ಬಿದ್ದರೆ ಭೇದಿ ಹತ್ತುತ್ತದೆ, ತೀರಾ ಬಡಕಲಾಗಿದ್ದರೆ ರಕ್ತದ ಲವಣಗಳೇ ಏರುಪೇರಾಗಿ ಜೀವಕ್ಕೆ ಅಪಾಯ. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ಹೀಗೆ ನಾಲ್ಕೈದು ದಿನದಲ್ಲಿ ಪೂರ್ತಿಗೆ ತನ್ನಿ.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ. ದ್ರಾಕ್ಷಿ, ಚಾಕೊಲೇಟ್ ಬೇಡ. ಒಣಮೀನು ಹಾಕುವುದಾದರೆ ನೆನೆಸಿ, ಎರಡು ಸಲ ತೊಳೆದು ಉಪ್ಪು ಬಿಡಿಸಿ.

ನೀರು ಊಟದಷ್ಟೇ ಮುಖ್ಯ. ಹಾಲು ಕೊಡುವ ನಾಯಿ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಕುಡಿಯಬಲ್ಲದು. ಸರಪಳಿಯ ಅಳತೆಯೊಳಗೆ, ಮಗುಚಲಾಗದ ಕಲ್ಲುಬಾನಿ ಅಥವಾ ಸಿಮೆಂಟ್ ತೊಟ್ಟಿಯಲ್ಲಿಡಿ. ಮರಿ ಓಡಾಡಲು ಶುರು ಮಾಡಿದ ಮೇಲೆ ಆಳದ ಪಾತ್ರೆ ಬೇಡ, ಬಿದ್ದು ಮುಳುಗುತ್ತವೆ.

ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಬರೀ ರಾಗಿ ಗಂಜಿ ಸಾಲದೇ?

ಸಾಲದು. ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರಲ್ಲೇ ಇರುವ ಇನ್ನೊಂದು ಅಂಶ ಅದನ್ನು ಮೈಗೆ ಹತ್ತಲು ಪೂರ್ತಿ ಬಿಡುವುದಿಲ್ಲ. ಗಂಜಿಯಲ್ಲಿ ಮುಕ್ಕಾಲು ಪಾಲು ನೀರೇ. ಹೊಟ್ಟೆ ಉಬ್ಬುತ್ತದೆ, ಹಾಲು ಏರುವುದಿಲ್ಲ. ಅಕ್ಕಿಯ ಬದಲು ಗಟ್ಟಿ ಮುದ್ದೆ ಹಾಕಬಹುದು, ಆದರೆ ಮೊಟ್ಟೆ, ಮಾಂಸ, ಎಣ್ಣೆಯನ್ನು ಬಿಡುವಂತಿಲ್ಲ.

ಗೂಡು ಹೇಗೆ ಮಾಡೋದು? ಚಳಿ ಜೋರಾಗಿದೆ.

ಹುಟ್ಟಿದ ಮರಿಗೆ ಮೊದಲ ಎರಡು ವಾರ ತನ್ನ ಮೈ ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಗೂಡಿನೊಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ತಾಯಿಯ ಮೈಶಾಖ, ಒಣಹುಲ್ಲು, ಗಾಳಿ ಬಾರದ ಮೂಲೆ ಮೂರೂ ಸೇರಿದರೆ ಕರೆಂಟ್ ಬಲ್ಬ್ ಇಲ್ಲದೆಯೂ ಇದು ಸಾಧ್ಯ.

ಸುಲಭದ್ದು 200 ಲೀಟರಿನ ಪ್ಲಾಸ್ಟಿಕ್ ಡ್ರಮ್. ಕೀಟನಾಶಕ ಅಥವಾ ಆಸಿಡ್ ಇಟ್ಟಿದ್ದ ಡ್ರಮ್ ಆಗಬಾರದು. ಅಡ್ಡ ಮಲಗಿಸಿ, ಮುಚ್ಚಳದ ಬದಿಯನ್ನು ಕೊಯ್ಯುವಾಗ ಕೆಳಗೆ ನಾಲ್ಕೈದು ಅಂಗುಲ ಹಾಗೇ ಬಿಡಿ. ಅದೇ ಹೊಸ್ತಿಲು. ತಾಯಿ ದಾಟುತ್ತದೆ, ಕಣ್ಣು ಬಿಡದ ಮರಿ ಉರುಳಿ ಹೊರಬೀಳುವುದಿಲ್ಲ. ಕೊಯ್ದ ಅಂಚನ್ನು ಉಜ್ಜಿ ನಯ ಮಾಡಿ, ಇಲ್ಲದಿದ್ದರೆ ಜೋಲುವ ಮೊಲೆಗೆ ಗೀರುತ್ತದೆ. ಎರಡು ಸಾಲು ಇಟ್ಟಿಗೆಯ ಮೇಲಿಟ್ಟು, ಉರುಳದಂತೆ ಎರಡೂ ಬದಿಗೆ ಕಲ್ಲು ಕೊಡಿ. ಬಾಯಿ ಗಾಳಿ ಬೀಸುವ ಕಡೆಗೆ ಬೇಡ. ಒಳಗೆ ಒಂದು ಗೇಣು ಒಣ ಭತ್ತದ ಹುಲ್ಲು. ಹಳೇ ಸೀರೆ, ಬನಿಯನ್ ಬೇಡ: ಮರಿ ಸುತ್ತಿಕೊಂಡು ಉಸಿರುಗಟ್ಟುತ್ತದೆ, ನೆಂದರೆ ಒಣಗುವುದಿಲ್ಲ. ಹುಲ್ಲನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ದೂರ ಸುಟ್ಟುಬಿಡಿ, ಚಿಗಟದ ಮೊಟ್ಟೆ ಅದರಲ್ಲೇ ಇರುತ್ತದೆ.

ಗೂಡಿನ ಸುತ್ತ ಸುಣ್ಣದ ಪುಡಿ, ಫಿನಾಯಿಲ್, ಗ್ಯಾಮಕ್ಸಿನ್ ಎಂಬ ಕೀಟನಾಶಕ ಪುಡಿ ಎರಚುವ ಅಭ್ಯಾಸ ಇನ್ನೂ ಇದೆ. ಮೂರೂ ಮರಿಗೆ ವಿಷವೇ. ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುವ ಜೀವ ಅದು, ತಾಯಿ ಅದನ್ನು ನೆಕ್ಕುತ್ತದೆ.

ಮಲೆನಾಡಿನಲ್ಲಿ, ಚಿರತೆ ಓಡಾಡುವ ಕಡೆ ಗೂಡು ತೋಟದ ಅಂಚಿನಲ್ಲಿ ಬೇಡವೇ ಬೇಡ. ಕಟ್ಟಿದ ನಾಯಿ ಓಡಲೂ ಆಗದೆ ಚಿರತೆಗೆ ತುತ್ತಾಗುತ್ತದೆ. ಕೊಟ್ಟಿಗೆಯ ಒಂದು ಮೂಲೆಗೆ ಒಪ್ಪಿಸಿ, ರಾತ್ರಿ ಬಾಗಿಲು ಹಾಕುವಂತಿರಲಿ.

ನಾಯಿಯನ್ನು ದನದ ಸರಪಳಿಯಲ್ಲಿ ಕಟ್ಟಿದ್ದಾರೆ, ಬಿಚ್ಚುವುದಿಲ್ಲ ಎನ್ನುತ್ತಾರೆ.

ಬಿಚ್ಚಿ ಎಂದು ಹಟ ಹಿಡಿಯಬೇಡಿ. ಕೋಳಿ ಹಿಡಿಯುತ್ತದೆ, ಪಕ್ಕದ ಗದ್ದೆಗೆ ಹೋಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಓಡುತಂತಿ ಮಾಡಿಕೊಡಿ. ಎರಡು ಗಟ್ಟಿ ಕಂಬದ ನಡುವೆ, ಆರು ಅಡಿ ಎತ್ತರದಲ್ಲಿ, 15ರಿಂದ 20 ಅಡಿ ಉದ್ದದ ದಪ್ಪ ಜಿ.ಐ. ತಂತಿ ಎಳೆದು ಬಿಗಿಯಿರಿ. ತಂತಿ ಬಿಗಿಯುವ ಮುಂಚೆಯೇ ಒಂದು ಕಬ್ಬಿಣದ ಬಳೆ ಪೋಣಿಸಬೇಕು, ಕೊನೆಗೆ ನೆನಪಾದರೆ ಎಲ್ಲ ಬಿಚ್ಚಬೇಕಾಗುತ್ತದೆ. ಬಳೆಗೆ ಹಗುರ ಸರಪಳಿ, ಸರಪಳಿಯ ತುದಿಯಲ್ಲಿ ತನ್ನಷ್ಟಕ್ಕೆ ತಿರುಗುವ ಕೊಂಡಿ. ಅದಿಲ್ಲದಿದ್ದರೆ ಸರಪಳಿ ಹುರಿಗೊಂಡು ಎರಡೇ ದಿನದಲ್ಲಿ ಅರ್ಧ ಅಳತೆಗೆ ಬರುತ್ತದೆ. ಎರಡೂ ಕಡೆ ನಾಯಿ ಕಂಬ ತಲುಪದಷ್ಟು ಮೊದಲೇ ತಂತಿಗೆ ಗಂಟು ಹಾಕಿ ಬಳೆ ತಡೆಯಿರಿ, ಇಲ್ಲದಿದ್ದರೆ ನಾಯಿ ಕಂಬ ಸುತ್ತಿ ಸಿಕ್ಕಿಕೊಳ್ಳುತ್ತದೆ. ನಾಯಿ ಮಲಗಿದಾಗ ಸರಪಳಿ ಸಡಿಲವಾಗಿ ನೆಲ ಮುಟ್ಟಬೇಕು, ಗೂಡಿನೊಳಗೆ ಹೋಗಲೂ ಸಾಲಬೇಕು. ಸಾಮಾನು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಒಬ್ಬರು ಹಿಡಿದುಕೊಂಡರೆ ಒಂದು ಗಂಟೆಯ ಕೆಲಸ.

ಕೊರಳಪಟ್ಟಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಮರಿಯಿದ್ದಾಗ ಕಟ್ಟಿದ ಹಗ್ಗ ಬೆಳೆದ ಮೇಲೆ ಚರ್ಮದೊಳಗೆ ಹೂತುಹೋಗಿರುವುದುಂಟು. ಕೆಟ್ಟ ವಾಸನೆ ಬಂದರೆ ಕೂದಲು ಸರಿಸಿ ನೋಡಿ. ಹೂತಿದ್ದರೆ ನೀವೇ ಎಳೆಯಬೇಡಿ, ಡಾಕ್ಟರು ಮಂಪರು ಕೊಟ್ಟು ತೆಗೆಯಬೇಕು.

ಮರಿಗಳು ಸರಿಯಾಗಿವೆಯೇ ಎಂದು ತಿಳಿಯೋದು ಹೇಗೆ?

ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನಾಟಿ ಮರಿ ಹುಟ್ಟಿದಾಗ ಸುಮಾರು 200ರಿಂದ 350 ಗ್ರಾಂ ಇರುತ್ತದೆ, ಎಂಟು ಹತ್ತು ದಿನದಲ್ಲಿ ಇಮ್ಮಡಿಯಾಗಬೇಕು. ಒಂದು ದಿನ ತೂಕ ಏರದಿದ್ದರೆ ಗಮನವಿಡಿ, ಇಳಿದರೆ ಅಂದೇ ಏನಾದರೂ ಮಾಡಿ. ಗುರುತಿಗೆ ಕೊರಳಿಗೆ ದಾರ ಕಟ್ಟಬೇಡಿ, ಬೇರೆ ಬೇರೆ ಕಾಲಿನ ಉಗುರಿಗೆ ನೇಲ್ ಪಾಲಿಶ್ ಹಚ್ಚಿ. ಆದರೆ ಇದೆಲ್ಲ ತಾಯಿ ನಿಮ್ಮನ್ನು ನಂಬಿದ ಮೇಲೆ. ಗುರುಗುಟ್ಟುವ ತಾಯಿಯ ಮರಿ ಮುಟ್ಟಬೇಡಿ, ದೂರದಿಂದಲೇ ನೋಡಿ. ಹಾಲುಂಡ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತವೆ. ಬಿಡದೆ ಕುಂಯ್‌ಗುಟ್ಟುತ್ತಿದ್ದರೆ ಹಸಿವು ಇಲ್ಲವೇ ಚಳಿ. ಗುಂಪಿನಿಂದ ಆಚೆ, ಸದ್ದಿಲ್ಲದೆ ಬಿದ್ದ ಮರಿಯೇ ಎಲ್ಲಕ್ಕಿಂತ ಅಪಾಯದಲ್ಲಿರುವುದು.

ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಬಲವಂತವಾಗಿ ಬಿಡಿಸಬೇಡಿ.

ಒಂದು ಮರಿ ತಣ್ಣಗಾಗಿದೆ. ಹಾಲು ಕುಡಿಸಲೇ?

ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಮೈ 35 ಡಿಗ್ರಿಗಿಂತ ಕೆಳಗಿಳಿದರೆ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಕುಡಿಸಿದ ಹಾಲು ಒಳಗೇ ಕೆಡುತ್ತದೆ, ಇಲ್ಲವೇ ಶ್ವಾಸಕೋಶ ಸೇರುತ್ತದೆ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಅಥವಾ ನಿಮ್ಮ ಎದೆಗೆ ಅವಚಿ ಸ್ವೆಟರಿನೊಳಗೆ ಇಟ್ಟುಕೊಳ್ಳಿ. ಒಂದೆರಡು ಗಂಟೆ ಹಿಡಿಯುತ್ತದೆ. ಒಲೆಯ ಮುಂದೆ ಹಿಡಿದು ಅವಸರ ಮಾಡಬೇಡಿ. ಬಾಯಿಯೊಳಗೆ ಬೆರಳಿಟ್ಟರೆ ಬೆಚ್ಚಗಿದ್ದು, ಚೀಪಲು ನೋಡಿದರೆ ತಾಯಿಯ ಹಿಂದಿನ ಮೊಲೆಗೆ ಹಿಡಿಸಿ. ಹಿಂದಿನ ಮೊಲೆಗಳಲ್ಲೇ ಹಾಲು ಜಾಸ್ತಿ.

ತಾಯಿ ಸತ್ತಿದೆ, ಅಥವಾ ಹಾಲೇ ಇಲ್ಲ. ಹಸುವಿನ ಹಾಲು ಕೊಡಬಹುದಾ?

ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿನ ಎರಡು ಪಟ್ಟಿನಷ್ಟಿರುತ್ತವೆ, ಸಕ್ಕರೆಯ ಅಂಶ ಕಡಿಮೆ. ಹಾಗಾಗಿ ಬರೀ ಹಸುವಿನ ಹಾಲಿನಿಂದ ಭೇದಿ, ನೀರು ಬೆರೆಸಿದರೆ ಹಸಿವು. ಪೇಟೆಯ ಪಶು ಔಷಧಿ ಅಂಗಡಿಯಲ್ಲಿ ಮರಿಗಳ ಹಾಲಿನ ಪುಡಿ ಸಿಗುತ್ತದೆ. ಅದು ಬರುವ ತನಕ ಒಂದೆರಡು ದಿನಕ್ಕೆ: ಗಟ್ಟಿ ಹಾಲು 240 ಮಿ.ಲೀ., ಎರಡು ಮೊಟ್ಟೆಯ ಹಳದಿ, ಒಂದು ಚಿಕ್ಕ ಚಮಚ ಎಣ್ಣೆ. ಕಲಸಿ, ಸೋಸಿ, ಉಗುರುಬೆಚ್ಚಗೆ ಕೊಡಿ.

ಮೊದಲ ವಾರ 100 ಗ್ರಾಂ ತೂಕಕ್ಕೆ ದಿನಕ್ಕೆ 13ರಿಂದ 15 ಮಿ.ಲೀ. ಅಂದರೆ 300 ಗ್ರಾಂ ಮರಿಗೆ ಸುಮಾರು 40 ಮಿ.ಲೀ., ಮೂರು ಗಂಟೆಗೊಮ್ಮೆ ಐದೈದರಂತೆ. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸುವುದೇ ದೊಡ್ಡ ತಪ್ಪು, ಹಾಲು ಉಸಿರಿನ ದಾರಿ ಹಿಡಿಯುತ್ತದೆ. ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲೆ, ತಾಯಿಯ ಹತ್ತಿರ ಇದ್ದಂತೆಯೇ ಇರಲಿ. ಸಿರಿಂಜ್ ಒತ್ತಬೇಡಿ, ಮರಿ ಚೀಪಿದಷ್ಟೇ ಬಿಡಿ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೃದುವಾಗಿ ಒರೆಸಿದರೆ ಮಾತ್ರ ಉಚ್ಚೆ, ಕಕ್ಕ ಆಗುತ್ತದೆ. ಮೂರು ವಾರದ ತನಕ ಇದು ತಪ್ಪುವುದಿಲ್ಲ.

ತಾಯಿಯಲ್ಲಿ ಏನು ಕಂಡರೆ ತಕ್ಷಣ ಡಾಕ್ಟರ ಬಳಿ ಓಡಬೇಕು?

ಹಸು ಸಾಕಿದವರಿಗೆ ಹಾಲು ಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಗೊತ್ತು. ನಾಯಿಗೂ ಅದು ಬರುತ್ತದೆ. ಹಸುವಿಗೆ ಕರು ಹಾಕಿದ ಒಂದೆರಡು ದಿನದಲ್ಲಿ ಬಂದರೆ, ನಾಯಿಗೆ ಹೆಚ್ಚಾಗಿ ಎರಡರಿಂದ ನಾಲ್ಕು ವಾರದ ನಡುವೆ, ಹಾಲು ತುಂಬಿರುವಾಗ. ಹಸು ತಣ್ಣಗಾಗಿ ನೆಲ ಹಿಡಿಯುತ್ತದೆ, ನಾಯಿ ಉಲ್ಟಾ. ಏದುಸಿರು, ಚಡಪಡಿಕೆ, ಕೋಲಿನಂತೆ ಸೆಟೆದ ಕಾಲು, ನಡುಕ, ಮೈ ಸುಡುವ ಜ್ವರ, ಕೊನೆಗೆ ಫಿಟ್ಸ್. ಗಂಟೆಗಳ ಲೆಕ್ಕ ಇದು. ಮರಿಗಳನ್ನು ಬೇರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಮನೆಯಲ್ಲಿ ಉಳಿದ ಹಸುವಿನ ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ಚುಚ್ಚಬೇಡಿ. ನರಕ್ಕೆ ಬೇಗ ಹೋದರೆ ಹೃದಯವೇ ನಿಲ್ಲುತ್ತದೆ, ಡಾಕ್ಟರು ಎದೆಬಡಿತ ನೋಡುತ್ತಾ ಹನಿಹನಿಯಾಗಿ ಕೊಡುವ ಔಷಧಿ ಅದು.

ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ಕೆಂಪು ನೇರಳೆಗೆ ತಿರುಗಿದರೆ ಬಾವು. ಹೆತ್ತ ಮೇಲೆ ಮೂರು ನಾಲ್ಕು ವಾರ ಕಂದು ಸ್ರಾವ ಸಹಜ. ಅದು ಕೊಳೆತ ನಾತ ಹೊಡೆದು, ನಾಯಿ ಊಟ ಬಿಟ್ಟರೆ ಗರ್ಭಕೋಶದ ಸೋಂಕು. ಎರಡಕ್ಕೂ ಅದೇ ದಿನ ಚಿಕಿತ್ಸೆ ಬೇಕು.

ಉಣ್ಣೆ, ಚಿಗಟ ಮೈತುಂಬ ಇವೆ. ದನಕ್ಕೆ ತಂದ ಔಷಧಿ ಇದೆ, ಹಚ್ಚಬಹುದಾ?

ಬೇಡ. ದನದ ಲೆಕ್ಕಕ್ಕೆ ಕಲಸುವ ಔಷಧಿ ಮರಿಗೆ ಮಾರಕ, ತಾಯಿಗೆ ಹಚ್ಚಿದರೂ ಮರಿ ಅದನ್ನೇ ಚೀಪುತ್ತದೆ. ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನೂ ಎಳೆ ಮರಿಗೆ ಚುಚ್ಚಿಸಬೇಡಿ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಫಿಪ್ರೊನಿಲ್ ಸ್ಪ್ರೇ ಎಳೆ ಮರಿಗೂ ನಡೆಯುತ್ತದೆ, ಅಳತೆ ಮಾತ್ರ ಡಾಕ್ಟರನ್ನು ಕೇಳಿ. ಅಲ್ಲಿಯ ತನಕ ಚಿಮಟದಿಂದ ಉಣ್ಣೆಯ ಬಾಯಿಯ ಹತ್ತಿರವೇ ಹಿಡಿದು ನೇರ ಎಳೆದು, ಸೋಪಿನ ನೀರಿಗೆ ಹಾಕಿ. ಕೈಗೆ ಗ್ಲೌಸ್ ಇರಲಿ, ಕಲ್ಲಿನ ಮೇಲೆ ಕುಟ್ಟಬೇಡಿ. ಒಸಡು ಬೆಳ್ಳಗಾಗಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ, ಕಾಯಬೇಡಿ.

ಜಂತು ಔಷಧಿ, ಲಸಿಕೆ ಯಾವಾಗ?

ಜಂತುಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಬಂದಿರುತ್ತದೆ, ಕೊಕ್ಕೆಹುಳು ಹಾಲಿನಲ್ಲಿ ಬರುತ್ತದೆ. ಅದಕ್ಕೇ 2, 4, 6, 8ನೇ ವಾರಕ್ಕೆ ಔಷಧಿ, ತಾಯಿಗೂ ಜೊತೆಯಲ್ಲೇ. ಮರಿಯ ತೂಕ ಬರೆದುಕೊಂಡು ಹೋದರೆ ಡಾಕ್ಟರು ಅಳತೆ ಬರೆದುಕೊಡುತ್ತಾರೆ. ಡೊಳ್ಳು ಹೊಟ್ಟೆ ಕಂಡು ‘ಚೆನ್ನಾಗಿ ತಿಂದಿದೆ’ ಎಂದುಕೊಳ್ಳಬೇಡಿ, ಮುಕ್ಕಾಲು ಪಾಲು ಅದು ಹುಳುವೇ. ಈ ಹುಳುಗಳು ಮಕ್ಕಳಿಗೂ ಹತ್ತುತ್ತವೆ, ಮರಿ ಆಡಿಸಿದ ಕೈಯನ್ನು ಸೋಪಿನಿಂದ ತೊಳೆಸಿ.

ಮರಿಗಳಿಗೆ ಮಾರಕವಾದ ಪಾರ್ವೊ, ಡಿಸ್ಟೆಂಪರ್ ಇತ್ಯಾದಿ ರೋಗಗಳ ಲಸಿಕೆ 6ರಿಂದ 8 ವಾರಕ್ಕೆ ಶುರು, 16 ವಾರದ ತನಕ ಮೂರು ನಾಲ್ಕು ವಾರಕ್ಕೊಮ್ಮೆ. ಒಂದು ಸೂಜಿಗೆ ನಿಲ್ಲಿಸಿದರೆ ಹಾಕಿಸಿದ್ದೂ ದಂಡವಾಗಬಹುದು: ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿ ಉಳಿದಿದ್ದರೆ ಅದೇ ಲಸಿಕೆಗೆ ಅಡ್ಡ ಬರುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ರೇಬಿಸ್ ದಿನದ ಸುತ್ತಮುತ್ತ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುವುದುಂಟು, ಮುಂಚೆಯೇ ವಿಚಾರಿಸಿ.

ತಾಯಿ ಕಚ್ಚಿತು. ಮರಿ ಕಾಯುವ ನಾಯಿ ತಾನೇ, ಪರವಾಗಿಲ್ಲವಾ?

ಪರವಾಗಿಲ್ಲ ಎಂದು ಬಿಡುವಂತಿಲ್ಲ. 15 ನಿಮಿಷ ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆದು, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅರಿಶಿಣ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಮರಿ ಪರಚಿ ರಕ್ತ ಬಂದರೂ ಇದೇ ಕ್ರಮ. ಮರಿಗೂ ರೇಬಿಸ್ ಬರುತ್ತದೆ.

ಹಳ್ಳಿಯಲ್ಲಿ ನಾಯಿ ಡಾಕ್ಟರು ಎಲ್ಲಿ ಸಿಗುತ್ತಾರೆ?

ದನದ ಆಸ್ಪತ್ರೆಯಲ್ಲೇ ಕೇಳಿ, ನಾಯಿಯನ್ನೂ ನೋಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಡಾಕ್ಟರು ಹಳ್ಳಿ ಸುತ್ತಲು ಹೊರಟಿರುತ್ತಾರೆ. 1962 ಪಶು ಸಂಜೀವಿನಿ ವಾಹನದ ಉಚಿತ ಸಂಖ್ಯೆ. ಅದು ಮುಖ್ಯವಾಗಿ ಜಾನುವಾರುಗಳಿಗೆ, ಆದರೂ ಕರೆ ಮಾಡಿ ಕೇಳುವುದರಲ್ಲಿ ನಷ್ಟವಿಲ್ಲ. ದೊಡ್ಡ ತೊಂದರೆಯಾದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ.

ಮರಿಗಳನ್ನು ಯಾವಾಗ, ಯಾರಿಗೆ ಕೊಡೋದು?

ನಾಲ್ಕನೇ ವಾರದಿಂದ ಮೊಟ್ಟೆ ಕಲಸಿದ ಮೆತ್ತನೆ ಅನ್ನ ನೆಕ್ಕಿಸಿ, ಎಂಟು ವಾರ ತುಂಬಿದ ಮೇಲೆ ಕೊಡಿ. ಅಷ್ಟರೊಳಗೆ ಬೇರ್ಪಟ್ಟ ಮರಿ ಕಚ್ಚುವ ಹದ ಕಲಿಯುವುದಿಲ್ಲ. ಗಂಡುಮರಿಗೆ ಜನ ತಾವಾಗಿ ಬರುತ್ತಾರೆ. ಹೆಣ್ಣುಮರಿಗಳೇ ಗೋಣಿಚೀಲದಲ್ಲಿ ಸಂತೆ ಬಯಲೋ ಹೆದ್ದಾರಿಯೋ ಸೇರುವುದು. ಅದಕ್ಕೆ ಮೊದಲೇ ಯಜಮಾನರಿಗೆ ‘ಹೆಣ್ಣುಮರಿಗಳಿಗೆ ಮನೆ ಹುಡುಕುವುದು ನನ್ನ ಜವಾಬ್ದಾರಿ’ ಎಂದುಬಿಡಿ. ಕೊಡುವಾಗ ಆಪರೇಷನ್ ಮಾಡಿಸುವ ಮಾತು ತೆಗೆದುಕೊಳ್ಳಿ, ಸಾಧ್ಯವಾದರೆ ಖರ್ಚಿನಲ್ಲಿ ಕೈಜೋಡಿಸಿ. ಕೊಟ್ಟದ್ದು ಯಜಮಾನರ ಒಪ್ಪಿಗೆಯಿಂದ ಎಂದು ಒಂದು ಹಾಳೆಯಲ್ಲಿ ಸಹಿ ಇರಲಿ.

ತಾಯಿಗೆ ಆಪರೇಷನ್ ಯಾವಾಗ ಮಾಡಿಸಬೇಕು?

ಜನವರಿಯಲ್ಲಿ ಹುಟ್ಟಿದ ಮರಿಗೆ ಶಿವರಾತ್ರಿ ಹೊತ್ತಿಗೆ ಎಂಟು ವಾರವಾಗುತ್ತದೆ. ಹಾಲು ಬತ್ತಲು ಇನ್ನು ಎರಡು ಮೂರು ವಾರ. ಹಾಗಾಗಿ ಯುಗಾದಿ ಸುತ್ತಮುತ್ತ ದಿನ ಗೊತ್ತು ಮಾಡಿ. ಹಾಲು ತುಂಬಿರುವಾಗ ಕೊಯ್ದರೆ ರಕ್ತ ಹೆಚ್ಚು ಹೋಗುತ್ತದೆ. ‘ಮುಂದೆ ನೋಡೋಣ’ ಎಂದು ದೂಡಿದರೆ ಮಳೆ, ಬಿತ್ತನೆ, ಹಬ್ಬ ಎಂದು ಕಾರ್ತಿಕ ಬಂದೇಬಿಡುತ್ತದೆ. ಎಷ್ಟು ಹೊತ್ತು ಉಪವಾಸ ಇಡಬೇಕೆಂದು ಡಾಕ್ಟರನ್ನು ಕೇಳಿ, ಹಿಂದಿನ ರಾತ್ರಿಯೇ ಆ ಮನೆಯವರಿಗೆಲ್ಲ ಹೇಳಿಡಿ. ಗೊತ್ತಿಲ್ಲದೆ ಅಜ್ಜಿ ಬೆಳಿಗ್ಗೆ ಹಾಕಿದ ಒಂದು ತುತ್ತು ಮುದ್ದೆಯಿಂದ ದಿನವೇ ಮುಂದಕ್ಕೆ ಹೋಗುತ್ತದೆ. ಆಮೇಲೆ ಹತ್ತು ದಿನ ಗಾಯ ಒಣಗಿರಬೇಕು, ನೆಕ್ಕಬಾರದು. ಆ ಹತ್ತು ದಿನ ನಿಮ್ಮ ಜಗಲಿಯಲ್ಲಿ ಇಟ್ಟುಕೊಳ್ಳುವುದಾಗಿ ಹೇಳಿ, ಯಜಮಾನರು ಬೇಡ ಎನ್ನುವುದಿಲ್ಲ.

ಅವರು ಯಾವುದಕ್ಕೂ ಒಪ್ಪುತ್ತಿಲ್ಲ. ದೂರು ಕೊಡಲೇ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದು, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟುವುದು ಅಪರಾಧ. ದಂಡ ಕೇಳಿ ನಗಬೇಡಿ: ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. ಈ ಹಣ ಯಾರನ್ನೂ ಹೆದರಿಸದು, ಆದರೆ ಠಾಣೆಯಿಂದ ಬರುವ ಒಂದು ಕರೆ ಹೆದರಿಸುತ್ತದೆ. ವಿಷ ಹಾಕಿದರೆ, ಕೊಂದರೆ, ಅಂಗ ಊನ ಮಾಡಿದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷದ ತನಕ ಜೈಲು ಹೇಳುತ್ತದೆ. ಆಗ ಫೋಟೊ, ದಿನಾಂಕ, ಪಶುವೈದ್ಯರ ವರದಿ ಇಟ್ಟುಕೊಂಡು ಠಾಣೆಗೆ ಹೋಗಿ, ತುರ್ತಿದ್ದರೆ 112.

ಬರೀ ನಿರ್ಲಕ್ಷ್ಯವಾದರೆ ಮೊದಲು ಊರಿನಲ್ಲಿ ಅವರು ಮಾತು ಕೇಳುವಂಥವರು ಯಾರು ಎಂದು ನೋಡಿ. ಡೇರಿ ಕಾರ್ಯದರ್ಶಿ, ಮೇಷ್ಟ್ರು, ದನದ ಡಾಕ್ಟರು. ‘ನಾಯಿಗೆ ಹುಳು ಹತ್ತಿದರೆ ನಿಮ್ಮ ಮೊಮ್ಮಗನಿಗೂ ಹತ್ತುತ್ತೆ’ ಎಂದು ಡಾಕ್ಟರು ಹೇಳಿದ ಒಂದು ಮಾತು ನಿಮ್ಮ ಹತ್ತು ಮಾತಿಗಿಂತ ತೂಕದ್ದು. ಅದೂ ಆಗದಿದ್ದರೆ ಪಂಚಾಯಿತಿ ಪಿಡಿಒ ಅವರಿಗೆ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ಕೊಟ್ಟ ಮೇಲೆ ಆ ಹಿತ್ತಲಿಗೆ ನಿಮ್ಮನ್ನು ಬಿಡಲಿಕ್ಕಿಲ್ಲ, ಆದ್ದರಿಂದ ಅಲ್ಲಿಗೆ ದಿನಾ ಊಟ ಮುಟ್ಟಿಸುವ ಬೇರೊಬ್ಬರನ್ನು ಮೊದಲೇ ನೋಡಿಟ್ಟುಕೊಂಡಿರಿ.

ಆಪರೇಷನ್ ಆದರೆ ನಾಯಿ ಕಾವಲು ಕಾಯುವುದಿಲ್ಲ, ದಪ್ಪಗಾಗಿ ಬಿದ್ದಿರುತ್ತದೆ ಎನ್ನುತ್ತಾರಲ್ಲ?

ಕಾವಲು ಕಾಯುವ ಬುದ್ಧಿ ಗರ್ಭಕೋಶದಲ್ಲಿಲ್ಲ. ಬೆದೆಯ ಕಾಲದಲ್ಲಿ ಹತ್ತು ಗಂಡುನಾಯಿ ಹಿತ್ತಲಿಗೆ ಬಂದು ಕಚ್ಚಾಡುವುದು ನಿಲ್ಲುತ್ತದೆ, ನಾಯಿ ಮನೆ ಬಿಟ್ಟು ಅಲೆಯುವುದಿಲ್ಲ. ದಪ್ಪಗಾಗುವುದು ಊಟ ಹೆಚ್ಚಾದರೆ. ಈ ಪ್ರಶ್ನೆ ಕೇಳುವ ಮನೆಗಳಲ್ಲಿ ಆ ಭಯ ಅಷ್ಟಾಗಿ ಬೇಡ.